ವಲ್ಲಿಯ ಕೆಳಗಿನ ವ್ಯವಹಾರ



ಎತ್ತಿನ ಸಂತೆಯನ್ನು ನೀವೆಲ್ಲ ಕಂಡವರು. ಜೋಡೆತ್ತು ಕೊಳ್ಳಲು ಹೋದ ನಮ್ಮ ಎರೆಸೀಮೆಯ ರೈತನು ಮೊದಲು ಎತ್ತಿನ ಬಾಯಿ ತೆರೆಯಿಸಿ ಹಲ್ಲು ಎಣಿಸುತ್ತಾನೆ, ಬೆನ್ನಿನ ಮೇಲೆ ಕೈಯಾಡಿಸಿ ಸುಳಿ ಎಲ್ಲಿದೆಯೆಂದು ನೋಡುತ್ತಾನೆ, ಗೊರಸನ್ನೆತ್ತಿ ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ, ಸಾಧ್ಯವಾದರೆ ಬಂಡಿಗೆ ಹೂಡಿಸಿ, ಅದು ಹೆಗಲು ಕೊಡುವ ರೀತಿಯನ್ನು ಕಂಡು, ಅನಂತರವಷ್ಟೇ ದಲಾಲಿಯ ಕಡೆಗೆ ಕೈ ಚಾಚುತ್ತಾನೆ. ದಲಾಲಿಯು ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿದು ಬೆಲೆ ಮಾತಾಡುತ್ತದೆ. ಸುತ್ತ ನಿಂತವರಿಗೆ ವಲ್ಲಿಯ ಅಲುಗಾಟ ಮಾತ್ರ ಕಾಣಿಸುತ್ತದೆ. ಆದರೆ ಗಮನಿಸಿರಿ: ಆ ವಲ್ಲಿಯ ಕೆಳಗೆ ಅಡಗಿರತಕ್ಕದ್ದು ಬೆಲೆಯೊಂದೇ, ಎತ್ತು ಬಯಲಿನಲ್ಲಿಯೇ ನಿಂತಿರುತ್ತದೆ.

ಆರೋಗ್ಯವಿಮೆಯ ಸಂತೆಯಲ್ಲಿ ಇದು ತಿರುವುಮುರುವಾಗಿದೆ. ಬೆಲೆಯನ್ನು ಎಲ್ಲರೂ ಗಟ್ಟಿಯಾಗಿ ಕೂಗುತ್ತಾರೆ. ಎತ್ತು ವಲ್ಲಿಯ ಕೆಳಗಿರುತ್ತದೆ.

ಇಂದಿನ ನನ್ನ ಮಾತು ಆ ವಲ್ಲಿಯನ್ನು ಸ್ವಲ್ಪ ಸರಿಸಿ ನೋಡುವುದರ ಬಗ್ಗೆ. ನಾನು ವೈದ್ಯನಲ್ಲ, ವಿಮೆ ಮಾರುವವನೂ ಅಲ್ಲ. ನವಲಗುಂದದ ಕಡೆಯ ಒಂದು ಸಹಕಾರಿ ಸಂಘದಲ್ಲಿ ಬಹುಕಾಲ ಲೆಕ್ಕ ಬರೆದು ನಿವೃತ್ತನಾದವನು. ಲೆಕ್ಕ ಬರೆಯುವವನಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಯಾರು ಎಷ್ಟು ದೊಡ್ಡ ಮೊತ್ತವನ್ನು ಹೇಳಿದರೂ ಅವನ ಕಣ್ಣು ಕೊನೆಯ ಸಾಲಿಗೆ, ಅಂದರೆ ಬಾಕಿ ಎಷ್ಟು ಉಳಿಯಿತೆಂಬ ಕಡೆಗೇ ಓಡುತ್ತದೆ. ಆದ್ದರಿಂದ ಒಂದು ಪಾಲಿಸಿಯನ್ನು ಇನ್ನೊಂದರೊಡನೆ ಹೋಲಿಸುವಾಗ ಕೇಳತಕ್ಕ ಪ್ರಶ್ನೆ ಒಂದೇ ಎಂದು ನನ್ನ ಅಭಿಪ್ರಾಯ. ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ನನ್ನ ಕೈಯಿಂದ ಎಷ್ಟು ಹೋದೀತು? ಈ ಪ್ರಶ್ನೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಈ ಭಾಷಣದಲ್ಲಿ ನಾವು ಮತ್ತೆ ಮತ್ತೆ ಅದರ ಬಳಿಗೇ ಬರುತ್ತೇವೆ.

ವಿಮೆಯೆಂಬುದು ನಮ್ಮ ತಾಲೂಕಿಗೆ ಹೊಸ ಮಾತಲ್ಲ. ಮುಂಗಾರಿಯ ಹೆಸರಿಗೂ ಹಿಂಗಾರಿಯ ಕಡಲೆಗೂ ಬೆಳೆವಿಮೆ ತುಂಬದ ಮನೆ ನಮ್ಮಲ್ಲಿ ಕಡಿಮೆ. 2016ರಿಂದ ನಡೆದಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿಯ ಆಹಾರಧಾನ್ಯಕ್ಕೆ ವಿಮಾಮೊತ್ತದ ನೂರಕ್ಕೆ 2ರಷ್ಟು, ಹಿಂಗಾರಿಗೆ ಒಂದೂವರೆಯಷ್ಟು ಕಂತನ್ನು ರೈತನು ಕಟ್ಟುತ್ತಾನೆ; ಮಿಕ್ಕದ್ದನ್ನು ಸರಕಾರಗಳು ಭರಿಸುತ್ತವೆ. ಆದರೆ ಬೆಣ್ಣಿಹಳ್ಳ ಉಕ್ಕಿ ಪೈರು ಕೊಳೆತ ವರ್ಷ ತನ್ನ ಹೊಲದಲ್ಲಿ ಏನೂ ಉಳಿಯದಿದ್ದರೂ, ಬೆಳೆ ಕೊಯ್ದು ಅಳೆಯುವ ಪ್ರಯೋಗವು ಇಡೀ ಗ್ರಾಮಪಂಚಾಯತಿಗೆ ಅನ್ವಯಿಸುವುದರಿಂದ, ಪಕ್ಕದವನ ಸುಗ್ಗಿ ತನ್ನ ಪರಿಹಾರವನ್ನು ತಿಂದುಹಾಕಿದ ಅನುಭವ ಹಲವರಿಗೆ ಉಂಟು. ಆ ಕಹಿಯಿಂದ, ವಿಮೆ ಎಂದೊಡನೆ ‘ತುಂಬೂದು ನಾವು, ಬರೂದು ಯಾರಿಗೋ’ ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಹುಟ್ಟಿಕೊಂಡಿದೆ. ಆರೋಗ್ಯವಿಮೆಯಲ್ಲಿ ಆ ದೋಷವಿಲ್ಲ. ಇಲ್ಲಿ ಅಳೆಯುವುದು ನಿಮ್ಮ ದೇಹವನ್ನೇ ಹೊರತು ಊರಿನ ಸರಾಸರಿಯನ್ನಲ್ಲ. ಆದರೆ ಇನ್ನೊಂದು ಭೇದವುಂಟು. ಬೆಳೆವಿಮೆಯಲ್ಲಿ ಕಂಪನಿಯನ್ನು ಸರಕಾರ ಆರಿಸುತ್ತದೆ, ಕರಾರು ಎಲ್ಲರಿಗೂ ಒಂದೇ. ಇಲ್ಲಿ ಆರಿಸುವವರು ನೀವು. ತಪ್ಪಾದರೆ ತಪ್ಪೂ ನಿಮ್ಮದೇ.

ಆರಿಸುವುದಕ್ಕೆ ಮುಂಚೆ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿಕೊಳ್ಳಬೇಕು. ಕೈಯಲ್ಲಿ ಆಗಲೇ ಏನಿದೆಯೆಂದು ತಿಳಿಯದೆ ಹೊಸದನ್ನು ಕೊಳ್ಳಲು ಹೊರಡುವವರು ನಮ್ಮಲ್ಲಿ ಎಷ್ಟೋ ಮಂದಿ.

ಮೊದಲನೆಯದು ಪಡಿತರ ಚೀಟಿ. 2018ರ ಮಾರ್ಚಿನಲ್ಲಿ ನಮ್ಮ ರಾಜ್ಯವು ಆರೋಗ್ಯ ಕರ್ನಾಟಕವೆಂಬ ಯೋಜನೆಯನ್ನು ಆರಂಭಿಸಿತು. ಅದೇ ವರ್ಷದ ಅಕ್ಟೋಬರಿನ ಕೊನೆಗೆ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಬಿಪಿಎಲ್ ಕಾರ್ಡು ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಅದು ಕೊಡುತ್ತದೆ. ಉಳಿದವರಿಗೂ ಅಲ್ಲಿ ಒಂದು ಪಾಲುಂಟು: ಸರಕಾರ ನಿಗದಿಪಡಿಸಿದ ದರದ ನೂರಕ್ಕೆ 30ರಷ್ಟು, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಇದಕ್ಕೆ ಯಾವ ಕಂತೂ ಇಲ್ಲ. ಆದರೆ ಒಂದು ಕ್ರಮವಿದೆ. ತುರ್ತಿನ ಸಂದರ್ಭವನ್ನು ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲವೆಂದಾದರೆ ಅವರೇ ಚೀಟಿ ಬರೆದು ಬೇರೆ ಕಡೆಗೆ ಕಳಿಸುತ್ತಾರೆ. ಆ ಚೀಟಿಯಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತು, ಕಾರ್ಡು ನಡೆಯಲಿಲ್ಲವೆಂದು ಸಿಟ್ಟಾಗಿ ಮರಳಿದವರನ್ನು ನಾನು ಬಲ್ಲೆ.

ಇಂಥ ಯೋಜನೆಗಳಿಂದ ನಿಜವಾಗಿ ಪ್ರಯೋಜನವುಂಟೇ ಎಂದು ಕೇಳುವವರಿಗೆ ನಮ್ಮ ಸೀಮೆಯದೇ ಒಂದು ಉತ್ತರವಿದೆ. ಇದಕ್ಕೆ ಮುಂಚೆ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯಿತ್ತು. ಅದು 2010ರ ಸುಮಾರಿಗೆ ಮೊದಲು ಕಲಬುರ್ಗಿ ವಿಭಾಗಕ್ಕೆ, ಆಮೇಲೆ ನಮ್ಮ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದ ಜಿಲ್ಲೆಗಳಿಗೆ ಆಗಿನ್ನೂ ಬಂದಿರಲಿಲ್ಲ. ಗಡಿಯ ಈಚೆಗೆ ಯೋಜನೆಯುಳ್ಳ ಹಳ್ಳಿಗಳು, ಆಚೆಗೆ ಇಲ್ಲದ ಹಳ್ಳಿಗಳು. ವಿದ್ವಾಂಸರು ಇಂಥ ಐನೂರಕ್ಕೂ ಮಿಕ್ಕ ಹಳ್ಳಿಗಳನ್ನು ಹೋಲಿಸಿ, 2014ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ಹೃದ್ರೋಗ, ಅರ್ಬುದ ಮೊದಲಾದ ವ್ಯಾಧಿಗಳಿಂದ, ಯೋಜನೆಯಿಲ್ಲದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಸಾವಿರಕ್ಕೆ ಸುಮಾರು 9 ಜನ ತೀರಿಕೊಂಡಿದ್ದರೆ, ಯೋಜನೆಯುಳ್ಳ ಹಳ್ಳಿಗಳಲ್ಲಿ ತೀರಿಕೊಂಡವರು ಸುಮಾರು 3. ಲೆಕ್ಕ ಬರೆಯುವವನಾದ ನನಗೆ ಈ ಎರಡು ಅಂಕೆಗಳ ನಡುವಿನ ಅಂತರವನ್ನು ಬರಿಯ ಅಂತರವೆಂದು ಓದಲು ಈವರೆಗೂ ಆಗಿಲ್ಲ.

ಎರಡನೆಯದು ಸಹಕಾರಿ ಸಂಘದ ಸದಸ್ಯತ್ವ. ಇಲ್ಲಿ ಸ್ವಲ್ಪ ಅಭಿಮಾನದಿಂದ ಮಾತಾಡಿದರೆ ಕ್ಷಮಿಸಬೇಕು. ನಮ್ಮ ಅಣ್ಣಿಗೇರಿಯ ಆಚೆ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಏಷ್ಯ ಖಂಡದಲ್ಲಿಯೇ ಅದು ಮೊದಲನೆಯದೆಂದು ಪ್ರಸಿದ್ಧವಾಗಿದೆ. ಬಿತ್ತುವ ಕಾಲಕ್ಕೆ ಸಾಲ ದೊರಕಲೆಂದು ಹುಟ್ಟಿದ ಆ ವ್ಯವಸ್ಥೆಯೇ, ಸುಮಾರು ನೂರು ವರ್ಷಗಳ ತರುವಾಯ ಶಸ್ತ್ರಚಿಕಿತ್ಸೆಯ ಕಾಲಕ್ಕೂ ಒದಗಬಹುದೆಂದು ತೋರಿಸಿಕೊಟ್ಟದ್ದು ಯಶಸ್ವಿನಿ. ಹೃದಯತಜ್ಞರಾದ ಡಾಕ್ಟರ್ ದೇವಿಪ್ರಸಾದ ಶೆಟ್ಟಿಯವರ ಪ್ರೇರಣೆಯಿಂದಲೂ ರಾಜ್ಯ ಸರಕಾರದ ಸಹಕಾರ ಇಲಾಖೆಯ ಬೆಂಬಲದಿಂದಲೂ 2002ರ ಕೊನೆಗೆ ರೂಪುಗೊಂಡು, 2003ರ ಜೂನಿನಲ್ಲಿ ಚಿಕಿತ್ಸೆ ಆರಂಭಿಸಿದ ಆ ಯೋಜನೆಯಲ್ಲಿ, ಮೊದಲ ವರ್ಷ ಒಬ್ಬ ಸದಸ್ಯನು ಕಟ್ಟಬೇಕಾಗಿದ್ದುದು 60 ರೂಪಾಯಿ. ಅಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಯಾವ ವಿಮಾಕಂಪನಿಯೂ ಅದರ ಹಿಂದೆ ಇರಲಿಲ್ಲ. ಸದಸ್ಯರ ಹಣ ಮತ್ತು ಸರಕಾರದ ನೆರವು ಸೇರಿ ಆದ ಸಾಮುದಾಯಿಕ ಹಗೇವು ಅದು. ಬರಗಾಲಕ್ಕೆಂದು ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ ಜೋಳ ತುಂಬುತ್ತಿದ್ದಂತೆ, ಇಲ್ಲಿ ಎಲ್ಲರೂ ಒಂದೊಂದು ಬೊಗಸೆ ಸುರಿದರು; ಬಾಗಿಲು ತೆರೆದದ್ದು ಕಷ್ಟ ಬಂದವನ ಪಾಲಿಗೆ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದರು. ಸಂಘದ ಕಟ್ಟೆಗೆ ಬಂದು ‘ನಮ್ಮ ಕಾರ್ಡು ಏನಾತ್ರೀ’ ಎಂದು ಕೇಳಿದವರಿಗೆ ನಾಲ್ಕೈದು ವರ್ಷ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. 2023ರ ಜನವರಿ 1ರಿಂದ ಅದು ಮತ್ತೆ ಆರಂಭವಾಯಿತು. ಆಗ ನಿಗದಿಯಾದ ವಂತಿಗೆ ಹೀಗಿದೆ: ಗ್ರಾಮೀಣ ಸಂಘದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕೂ ಮಿಕ್ಕಿದ ಪ್ರತಿಯೊಬ್ಬರಿಗೆ 100, ಪಟ್ಟಣದ ಸಂಘದವರಿಗೆ 1000, ನಾಲ್ವರಿಗೂ ಮಿಕ್ಕಿದ ಪ್ರತಿಯೊಬ್ಬರಿಗೆ 200. ಪರಿಶಿಷ್ಟ ಜಾತಿ ಪಂಗಡದವರ ವಂತಿಗೆಯನ್ನು ಸರಕಾರವೇ ಕಟ್ಟುತ್ತದೆ. ಕುಟುಂಬಕ್ಕೆ 5 ಲಕ್ಷದ ಮಿತಿ. ಎರಡು ಸಾವಿರಕ್ಕೂ ಮಿಕ್ಕ ಚಿಕಿತ್ಸೆಗಳ ಪಟ್ಟಿ. ಪಟ್ಟಿಯೆಂದಾಗ ಅದರಲ್ಲಿ ಇಲ್ಲದ್ದೂ ಇರುತ್ತದೆಂದು ಅರ್ಥ. ಹೆಸರು ನೋಂದಾಯಿಸುವ ಅವಧಿ ಮುಗಿದ ಮೇಲೆ ಬಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಬಿತ್ತುವ ಹದ ತಪ್ಪಿದಂತೆಯೇ ಇದೂ.

ಇಷ್ಟರವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಕೇಳತಕ್ಕ ಪ್ರಶ್ನೆ ಒಂದು: ಬಿಡುಗಡೆಯ ದಿನ ನನ್ನ ಕೈಯಿಂದ ಎಷ್ಟು? ಕೊಳ್ಳುವುದಕ್ಕೆ ಮುಂಚೆ ನೋಡತಕ್ಕವು ಎರಡು: ಪಡಿತರ ಚೀಟಿ ಮತ್ತು ಸಂಘದ ಸದಸ್ಯತ್ವ. ಇವೆರಡೂ ಸಾಲವು ಎಂದು ತೋರಿದವರು, ಅಥವಾ ತಮ್ಮ ಇಷ್ಟದ ಆಸ್ಪತ್ರೆಗೇ ಹೋಗಬೇಕೆನ್ನುವವರು, ಕಂಪನಿಯ ಪಾಲಿಸಿಯ ಕಡೆಗೆ ತಿರುಗುತ್ತಾರೆ. ಈಗ ಅವರ ವಿಷಯ.

ಏಜೆಂಟನು ಮನೆಗೆ ಬಂದು ಕುಳಿತೊಡನೆ ಎರಡು ಅಂಕೆಗಳನ್ನು ಹೇಳುತ್ತಾನೆ. ‘ಐದು ಲಕ್ಷದ ಪಾಲಿಸಿರೀ ಕಾಕಾ, ವರ್ಷಕ್ಕ ಇಷ್ಟ ತುಂಬಿದ್ರ ಆತು.’ ದೊಡ್ಡ ಅಂಕೆಯೊಂದು, ಸಣ್ಣ ಅಂಕೆಯೊಂದು. ಕೇಳುವವನು ಮನಸ್ಸಿನಲ್ಲಿಯೇ ದೊಡ್ಡದರಿಂದ ಸಣ್ಣದನ್ನು ಕಳೆದು ಸಂತೋಷಪಡುತ್ತಾನೆ. ನಾನೂ ಹಾಗೆಯೇ ಸಂತೋಷಪಟ್ಟವನು. ಆ ಸಂತೋಷಕ್ಕೆ ನಾನು ತೆತ್ತ ಬೆಲೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಕಂಪನಿಯ ಹೆಸರೂ ಆಸ್ಪತ್ರೆಯ ಹೆಸರೂ ಇಲ್ಲಿ ಅವಶ್ಯವಿಲ್ಲ. ಲೆಕ್ಕ ಮಾತ್ರ ಅವಶ್ಯ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆಗಬೇಕೆಂದರು. ನಮ್ಮಲ್ಲಿ 3 ಲಕ್ಷದ ಪಾಲಿಸಿಯಿತ್ತು. ‘ಅವ್ವಗ ಚಲೋ ರೂಮ್ ಇರಲಿ’ ಎಂದ ಮಗ. ದಿನಕ್ಕೆ 6000 ರೂಪಾಯಿಯ ಕೊಠಡಿ ಹಿಡಿದೆವು. ಆದರೆ ನಮ್ಮ ಪಾಲಿಸಿಯ ಒಳಪುಟದಲ್ಲಿ, ನಾನು ಓದದೆ ಮಡಿಚಿಟ್ಟ ಒಂದು ವಾಕ್ಯದಲ್ಲಿ, ಕೊಠಡಿಯ ಬಾಡಿಗೆಯು ವಿಮಾಮೊತ್ತದ ನೂರಕ್ಕೆ ಒಂದರಷ್ಟನ್ನು ಮೀರಬಾರದೆಂದಿತ್ತು. ಅಂದರೆ ದಿನಕ್ಕೆ 3000. ಆಸ್ಪತ್ರೆಯಲ್ಲಿಯೇ ಯಾರೋ ಈ ವಿಷಯ ತಿಳಿಸಿದಾಗ ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ದಿನಕ್ಕೆ 3000 ಹೆಚ್ಚು, 5 ದಿನಕ್ಕೆ 15,000, ಹೋಗಲಿ, ನಾವೇ ಕೊಟ್ಟರಾಯಿತು.

ನಲವತ್ತು ವರ್ಷ ಲೆಕ್ಕ ಬರೆದವನ ಲೆಕ್ಕ ಅಂದು ತಪ್ಪಿತು. ಹೇಗೆಂಬುದನ್ನು ನಿಧಾನವಾಗಿ ಹೇಳುತ್ತೇನೆ, ಕಾಗದ ಪೆನ್ಸಿಲು ಹತ್ತಿರವಿದ್ದವರು ಬರೆದುಕೊಳ್ಳಬಹುದು. ಒಟ್ಟು ಬಿಲ್ಲು ಒಂದೂವರೆ ಲಕ್ಷ. ಅದರಲ್ಲಿ ಕೊಠಡಿಯದು 30,000. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೋಣೆ, ದಾದಿಯರ ಆರೈಕೆ, ಎಲ್ಲ ಸೇರಿ 80,000. ಔಷಧಿ ಮತ್ತು ಪರೀಕ್ಷೆಗಳು 40,000. ಕೊಠಡಿಯ ಮಿತಿಯನ್ನು ನಾವು ಇಮ್ಮಡಿ ಮೀರಿದ್ದೆವು. ಆದ್ದರಿಂದ ಕಂಪನಿಯು ಕೊಠಡಿಯದರಲ್ಲಿ ಅರ್ಧ ಕೊಟ್ಟಿತು. ಅಷ್ಟೇ ಅಲ್ಲ, ವೈದ್ಯರ ಶುಲ್ಕವೇ ಮೊದಲಾದ ಆ 80,000ದಲ್ಲಿಯೂ ಅರ್ಧವನ್ನೇ ಕೊಟ್ಟಿತು. ಔಷಧಿ, ಪರೀಕ್ಷೆಗಳನ್ನು ಮಾತ್ರ ಪೂರ್ತಿ ಕೊಟ್ಟಿತು. ಹದಿನೈದು, ನಲವತ್ತು, ನಲವತ್ತು: ಕೂಡಿದರೆ 95,000. ಉಳಿದ 55,000 ನಮ್ಮ ಕೈಯಿಂದ. ನಾನು ಎಣಿಸಿದ್ದು 15,000. ಹೋದದ್ದು ಅದರ ಮೂರೂವರೆ ಪಟ್ಟಿಗೂ ಹೆಚ್ಚು.

ಇದಕ್ಕೆ ಅವರ ಭಾಷೆಯಲ್ಲಿ ಪ್ರಮಾಣಾನುಸಾರ ಕಡಿತವೆಂದು ಹೆಸರು. ಇದರ ಹಿಂದಿನ ತರ್ಕವೂ ಅನ್ಯಾಯದ್ದೆಂದು ನಾನು ಹೇಳಲಾರೆ. ಹಲವು ಆಸ್ಪತ್ರೆಗಳಲ್ಲಿ ಕೊಠಡಿ ದೊಡ್ಡದಾದಂತೆ ಅದೇ ವೈದ್ಯರ ಅದೇ ಚಿಕಿತ್ಸೆಯ ಶುಲ್ಕವೂ ಏರುತ್ತದೆ. ಆ ಏರಿಕೆಯನ್ನು ತಾನೇಕೆ ಹೊರಬೇಕೆಂಬುದು ಕಂಪನಿಯ ವಾದ. ಔಷಧಿಗೂ ದೇಹದೊಳಗೆ ಕೂಡಿಸುವ ಉಪಕರಣಕ್ಕೂ ಪರೀಕ್ಷೆಗಳಿಗೂ ಈ ಕಡಿತವನ್ನು ಹಚ್ಚಕೂಡದೆಂದು, ಕೊಠಡಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಗಳಲ್ಲಿಯೂ ಹಚ್ಚಕೂಡದೆಂದು ನಿಯಮವಿದೆ. ತರ್ಕವೆಲ್ಲ ಸರಿಯೇ. ಆದರೆ ನನ್ನ ಏಜೆಂಟನು ಹೇಳಿದ ಎರಡು ಅಂಕೆಗಳಲ್ಲಿ ಇದು ಎಲ್ಲಿತ್ತು? ವಲ್ಲಿಯ ಕೆಳಗಿತ್ತು.

ಕೊಠಡಿಯ ಮಿತಿಯಂತೆಯೇ ಇನ್ನೊಂದುಂಟು, ಸಹಪಾವತಿ. ಕೆಲವು ಪಾಲಿಸಿಗಳಲ್ಲಿ, ವಿಶೇಷವಾಗಿ ವಯಸ್ಸಾದವರ ಪಾಲಿಸಿಗಳಲ್ಲಿ, ಮಂಜೂರಾದ ಪ್ರತಿಯೊಂದು ಬಿಲ್ಲಿನಲ್ಲಿ ನೂರಕ್ಕೆ ಇಂತಿಷ್ಟನ್ನು ನೀವು ಭರಿಸಬೇಕೆಂದು ಕರಾರಿರುತ್ತದೆ. ನಮ್ಮ ಆ 95,000ಕ್ಕೆ ನೂರಕ್ಕೆ 10ರ ಸಹಪಾವತಿಯೂ ಇದ್ದಿದ್ದರೆ ಇನ್ನೂ ಒಂಬತ್ತೂವರೆ ಸಾವಿರ ಹೋಗುತ್ತಿತ್ತು. ಕಂತು ಕಡಿಮೆಯಿರುವ ಪಾಲಿಸಿಯನ್ನು ಕಂಡಾಗ ಈ ಎರಡು ಕಡೆ ಮೊದಲು ಕಣ್ಣು ಹಾಯಿಸಿರಿ. ಅಗ್ಗವಾದ ಎತ್ತಿನ ಹಲ್ಲನ್ನು ಎರಡು ಸಲ ಎಣಿಸಬೇಕು.

ಹಾಗಾದರೆ ಹೋಲಿಸುವುದಕ್ಕೆ ಒಂದು ಅಳತೆಗೋಲು ಉಂಟೇ? ಉಂಟು. ವಿಮಾ ನಿಯಂತ್ರಣ ಪ್ರಾಧಿಕಾರದ ಅಪ್ಪಣೆಯಂತೆ 2020ರ ಏಪ್ರಿಲಿನಿಂದ ಕಂಪನಿಗಳು ಆರೋಗ್ಯ ಸಂಜೀವಿನಿ ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಮಾರುತ್ತಿವೆ. ಯಾವ ಕಂಪನಿಯಲ್ಲಿ ಕೊಂಡರೂ ಅದರ ಕರಾರು ಒಂದೇ. ಕೊಠಡಿಗೆ ವಿಮಾಮೊತ್ತದ ನೂರಕ್ಕೆ 2, ದಿನಕ್ಕೆ 5000 ಮೀರದಂತೆ. ತೀವ್ರ ನಿಗಾ ಘಟಕಕ್ಕೆ ನೂರಕ್ಕೆ 5, ದಿನಕ್ಕೆ 10,000 ಮೀರದಂತೆ. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000 ಅಥವಾ ವಿಮಾಮೊತ್ತದ ಕಾಲುಭಾಗ, ಯಾವುದು ಕಡಿಮೆಯೋ ಅದು. ಸಹಪಾವತಿ ನೂರಕ್ಕೆ 5. ಇದನ್ನೇ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಆದರೆ ಧಾನ್ಯ ಅಳೆಯಲು ಮನೆಯಲ್ಲೊಂದು ಸೇರು ಇರಬೇಕಲ್ಲವೇ? ಬೇರೆ ಪಾಲಿಸಿಯೊಂದನ್ನು ತಂದು ತೋರಿಸಿದವನನ್ನು ಕೇಳಿರಿ: ‘ತಮ್ಮಾ, ಸಂಜೀವಿನಿಗಿಂತ ಇದರಾಗ ಏನ್ ಹೆಚ್ಚೈತಿ, ಏನ್ ಕಡಿಮಿ ಐತಿ?’ ಉತ್ತರ ಹೇಳಬಲ್ಲವನು ಪಾಲಿಸಿ ಓದಿದವನು. ಹೇಳಲಾರದವನು ಓದದೆ ಮಾರಲು ಬಂದವನು.

ಕೊಠಡಿಯ ಮಿತಿ ಮತ್ತು ಸಹಪಾವತಿ, ಇವೆರಡೂ ಬಿಲ್ಲನ್ನು ಮುರಿಯತಕ್ಕವು. ಬಿಲ್ಲಿನ ತನಕ ಹೋಗಗೊಡದೆ ಬಾಗಿಲಲ್ಲಿಯೇ ತಡೆಯತಕ್ಕದ್ದು ಇನ್ನೊಂದಿದೆ. ಅದು ಕಾಯುವ ಅವಧಿ. ಪಾಲಿಸಿ ಕೊಂಡ ಮೊದಲ 30 ದಿನ, ಅಪಘಾತವೊಂದನ್ನು ಬಿಟ್ಟು, ಬೇರೆ ಕಾಯಿಲೆಗೆ ಹಣ ದೊರೆಯದು. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಬೇಕಾದೀತು. ಹಿಂದೆ ಅದು 4 ವರ್ಷವಿತ್ತು, 2024ರಲ್ಲಿ ಇಳಿಸಿದರು. ಹರ್ನಿಯಾ, ಕಣ್ಣಿನ ಪೊರೆ, ಮೊಣಕಾಲ ಸಂಧಿಯಂಥ ಕೆಲವಕ್ಕೂ ಪ್ರತ್ಯೇಕ ಕಾಯುವ ಅವಧಿಗಳಿವೆ. ಆದ್ದರಿಂದ ರೋಗ ಬಂದ ಮೇಲೆ ಪಾಲಿಸಿ ಹುಡುಕುವುದು, ಮಳೆ ಸುರಿಯುತ್ತಿರುವಾಗ ಮಾಳಿಗೆಗೆ ಮಣ್ಣು ಹಾಕಲು ಏರಿದಂತೆ.

ಇಲ್ಲಿಯೇ ಒಂದು ದೊಡ್ಡ ಅಪಾಯವಿದೆ. ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಪ್ರಶ್ನೆಗಳಿರುತ್ತವೆ. ನಮ್ಮ ಓಣಿಯ ಹಿರಿಯರೊಬ್ಬರು ಅರ್ಜಿ ತುಂಬಿಸುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ‘ನನಗ ಬಿಪಿ ಐತಿ, ಹತ್ತು ವರ್ಷಾತು ಗುಳಗಿ ನುಂಗಾಕತ್ತು’ ಎಂದರು ಅವರು. ‘ಅದನ್ಯಾಕ ಬರಸ್ತೀರಿ ಯಜಮಾನ್ರ, ಬಿಟ್ಟುಬಿಡ್ರಿ, ಸುಮ್ನ ಕಂತು ಏರ್ತೈತಿ’ ಎಂದನು ಬರೆಯುವವನು. ಹಿರಿಯರು ನನ್ನ ಮುಖ ನೋಡಿದರು. ನಾನು ಪೆನ್ನು ಇಸಿದುಕೊಂಡು ಬರೆದೆ. ಏಕೆಂದರೆ ಮುಚ್ಚಿಟ್ಟ ಕಾಯಿಲೆಯು ಆಸ್ಪತ್ರೆಯ ಹಳೆಯ ಚೀಟಿಯೊಂದರಲ್ಲಿ ಹೊರಬಿದ್ದ ದಿನ ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ರದ್ದಾದೀತು. ಆ ದಿನ ಬರೆಯಬೇಡಿರೆಂದ ಮಹಾಶಯನು ಎಲ್ಲಿಯೂ ಕಾಣಸಿಗುವುದಿಲ್ಲ. ಸತತವಾಗಿ 5 ವರ್ಷ ಕಂತು ಕಟ್ಟಿದ ಮೇಲೆ, ವಂಚನೆಯನ್ನು ಸಾಬೀತು ಮಾಡಿದ ಹೊರತು, ಹೇಳಲಿಲ್ಲವೆಂಬ ಕಾರಣಕ್ಕೆ ಕಂಪನಿಯು ಕ್ಲೇಮನ್ನು ನಿರಾಕರಿಸುವಂತಿಲ್ಲ. ಆ 5 ವರ್ಷವೂ ಪಾಲಿಸಿ ಮುರಿಯದೆ ನಡೆದಿರಬೇಕು. ಸುಗ್ಗಿ ಕೆಟ್ಟಿತೆಂದು ಒಂದು ವರ್ಷ ಬಿಟ್ಟವನ ಲೆಕ್ಕ ಮತ್ತೆ ಮೊದಲಿನಿಂದ.

ಈ ಕಂಪನಿ ಸರಿಬರಲಿಲ್ಲವೆಂದರೆ ಪಾಲಿಸಿಯನ್ನು ಬಿಡುವುದಕ್ಕಿಂತ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳುವುದು ಮೇಲು. ಆಗ ಕಾದ ಕಾಲ ವ್ಯರ್ಥವಾಗುವುದಿಲ್ಲ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವ ಮಿತಿಯೂ ಈಗ ನಿಯಮಗಳಲ್ಲಿಲ್ಲ. ವೈಯಕ್ತಿಕ ಆರೋಗ್ಯವಿಮೆಯ ಮೇಲೆ ನೂರಕ್ಕೆ 18ರಂತೆ ಇದ್ದ ಜಿಎಸ್‌ಟಿ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. ಹಳೆಯ ದರಪಟ್ಟಿ ಹಿಡಿದು ಬಂದವನಿಗೆ ಇದನ್ನು ನೆನಪಿಸಿರಿ. ಇಡೀ ಕುಟುಂಬಕ್ಕೆ ಕೂಡಿ ಒಂದೇ ಮೊತ್ತವಿರುವ ಪಾಲಿಸಿಯೂ ಉಂಟು. ಗಂಡ, ಹೆಂಡತಿ, ಸಣ್ಣ ಮಕ್ಕಳಿರುವ ಮನೆಗೆ ಅದು ಅಗ್ಗ. ಆದರೆ ಅದರ ಕಂತು ಮನೆಯ ಹಿರಿಯ ಜೀವದ ವಯಸ್ಸನ್ನು ಹಿಡಿದು ಏರುವುದರಿಂದ ಎಪ್ಪತ್ತರ ಅವ್ವನನ್ನೂ ಏಳರ ಮೊಮ್ಮಗನನ್ನೂ ಒಂದೇ ನೊಗಕ್ಕೆ ಹೂಡುವುದು ಜಾಣತನವಲ್ಲ.

ಹಿಂತಿರುಗಿ ನೋಡಿದರೆ, ಕೊಠಡಿಯ ಮಿತಿ, ಸಹಪಾವತಿ, ಕಾಯುವ ಅವಧಿ, ಈ ಮೂರು ನಮ್ಮ ಒಂದು ಪ್ರಶ್ನೆಯ ಉತ್ತರವನ್ನು ಬದಲಿಸುತ್ತವೆಂದು ಕಂಡೆವು. ಇನ್ನು ಆಸ್ಪತ್ರೆ ಯಾವುದೆಂಬುದು.

ನವಲಗುಂದದಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು. ರಾತ್ರಿ ಎದೆನೋವು ಬಂದರೆ ಗಾಡಿ ತಿರುಗುವುದು ಆ ಕಡೆಗೇ. ಬೆಂಗಳೂರಿನ ಐವತ್ತು ದೊಡ್ಡ ಆಸ್ಪತ್ರೆಗಳ ಹೆಸರು ಮುದ್ರಿಸಿದ ಪುಸ್ತಿಕೆಯಿಂದ ಆ ರಾತ್ರಿ ನಮಗೆ ಪ್ರಯೋಜನವಿಲ್ಲ. ನೀವು ಹೋಗಬಹುದಾದ ಹುಬ್ಬಳ್ಳಿ ಧಾರವಾಡದ ಎರಡು ಮೂರು ಆಸ್ಪತ್ರೆಗಳು ಕಂಪನಿಯ ಪಟ್ಟಿಯಲ್ಲಿ ಇವೆಯೇ ಎಂದು ಮೊದಲು ನೋಡಿರಿ. ಆ ಆಸ್ಪತ್ರೆಯ ವಿಮಾ ಕಟ್ಟೆಗೇ ಹೋಗಿ ಕೇಳಿಕೊಂಡು ಬಂದರೆ ಇನ್ನೂ ಒಳ್ಳೆಯದು. ಪಟ್ಟಿಯಲ್ಲಿದ್ದರೆ ಕ್ಯಾಶ್‌ಲೆಸ್, ಎಂದರೆ ಹಣ ಮೊದಲು ಕಟ್ಟದೆ ಚಿಕಿತ್ಸೆ. 2024ರ ನಿಯಮದಂತೆ ಆಸ್ಪತ್ರೆಯ ಕೋರಿಕೆ ತಲುಪಿದ ಒಂದು ಗಂಟೆಯೊಳಗೆ ಕಂಪನಿಯು ಒಪ್ಪಿಗೆಯ ತೀರ್ಮಾನ ಹೇಳಬೇಕು; ಬಿಡುಗಡೆಯ ಕೋರಿಕೆಗೆ ಮೂರು ಗಂಟೆಯೊಳಗೆ. ಆಯುರ್ವೇದ ಮೊದಲಾದ ಪದ್ಧತಿಗಳ ಒಳರೋಗಿ ಚಿಕಿತ್ಸೆಯನ್ನೂ ಈಗ ಪಾಲಿಸಿಗಳು ಹೊರಗಿಡುವಂತಿಲ್ಲ. ನಮ್ಮ ಕಡೆಯ ಹಿರಿಯರಿಗೆ ಇದು ಇಷ್ಟವಾಗತಕ್ಕ ಸುದ್ದಿ.

ಇಷ್ಟೆಲ್ಲ ಕರಾರನ್ನು ಓದುವವರು ಯಾರು, ಅದೂ ಇಂಗ್ಲಿಷಿನಲ್ಲಿ, ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮೂರ ಜಮಖಾನೆಯನ್ನು ತಿರುವಿ ಹಾಸಿದರೂ ಅದೇ ಚಿತ್ತಾರ ಕಾಣುತ್ತದೆ. ವಿಮಾಪತ್ರ ಹಾಗಲ್ಲ, ಅದರ ಮುಂಬದಿ ಬೇರೆ ಹಿಂಬದಿ ಬೇರೆ. ಆದರೆ ಪ್ರತಿ ಪಾಲಿಸಿಯ ಜೊತೆಗೆ ಗ್ರಾಹಕ ಮಾಹಿತಿ ಪತ್ರವೆಂಬ ಸಂಕ್ಷಿಪ್ತ ಕಾಗದವನ್ನು ಕೊಡಲೇಬೇಕೆಂದಿದೆ. ಯಾವುದು ಸೇರಿದೆ, ಯಾವುದು ಸೇರಿಲ್ಲ, ಎಷ್ಟು ಕಾಯಬೇಕು, ಮಿತಿ ಎಷ್ಟು, ದೂರು ಎಲ್ಲಿ ಕೊಡಬೇಕು, ಎಲ್ಲವೂ ಅದರಲ್ಲಿ ಸರಳವಾಗಿ ಇರಬೇಕು. ನೀವು ಕೇಳಿದರೆ ಅದನ್ನು ಕನ್ನಡದಲ್ಲಿಯೇ ಕೊಡಬೇಕು. ಕೇಳಿದರೆ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ, ಓದಿ ಒಪ್ಪಿಗೆಯಾಗದಿದ್ದರೆ, ಹಿಂದಿರುಗಿಸಬಹುದು. ಆ ಅವಧಿಯಲ್ಲಿ ಕ್ಲೇಮು ಮಾಡಿರದಿದ್ದರೆ ಸ್ವಲ್ಪ ಖರ್ಚು ಮುರಿದುಕೊಂಡು ಕಂತು ಮರಳಿ ಕೊಡುತ್ತಾರೆ. ಎತ್ತು ಮನೆಗೆ ತಂದು ಒಂದು ತಿಂಗಳು ಹೂಡಿ ನೋಡಿ ಹಿಂದಿರುಗಿಸುವ ಸವಲತ್ತು ಯಾವ ಸಂತೆಯಲ್ಲಿಯೂ ಇಲ್ಲ, ಇಲ್ಲಿದೆ.

ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ವರ್ಷದೊಳಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ; 50 ಲಕ್ಷದವರೆಗಿನ ವ್ಯಾಜ್ಯವನ್ನು ಅವರು ತೀರ್ಮಾನಿಸುತ್ತಾರೆ. ನನ್ನ 55,000ದ ವಿಷಯದಲ್ಲಿ ನಾನು ಅಲ್ಲಿಗೆ ಹೋಗಲಿಲ್ಲ. ಹೋಗಿ ಏನೆಂದು ಬರೆಯುವುದು? ಕರಾರಿನಲ್ಲಿ ಇದ್ದಂತೆಯೇ ಅವರು ಕೊಟ್ಟಿದ್ದರು.

ಕಳೆದ ತಿಂಗಳು ನನ್ನ ಅಳಿಯ ಕುಂದಗೋಳದಿಂದ ಬಂದಿದ್ದ. ಹೊಸದಾಗಿ ಪಾಲಿಸಿ ಕೊಂಡಿದ್ದೇನೆ ಮಾಮಾ, ಒಮ್ಮೆ ನೋಡಿರೆಂದ. ಕನ್ನಡದ ಮಾಹಿತಿ ಪತ್ರ ಎಲ್ಲಿ ಎಂದು ಕೇಳಿದೆ. ಅದು ಅವನ ಬಳಿ ಇರಲಿಲ್ಲ. ಅಲ್ಲಿಂದಲೇ ಫೋನು ಮಾಡಿ ಕೇಳಿದ. ಮೂರನೆಯ ದಿನ ಬಂತು. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಅವನು ಗಟ್ಟಿಯಾಗಿ ಓದಿದ, ನಾನು ಹಳೆಯ ಆ ಆಸ್ಪತ್ರೆಯ ಬಿಲ್ಲನ್ನು ಮುಂದಿಟ್ಟುಕೊಂಡು ಒಂದೊಂದು ಸಾಲನ್ನೂ ಹೊಸ ಪಾಲಿಸಿಯ ಕರಾರಿಗೆ ಹಚ್ಚಿ ಲೆಕ್ಕ ಹಾಕಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೊಠಡಿಯ ಮಾತು ಬಂದ ಕೂಡಲೆ, ‘ಹಾಂ, ಅದನ್ನ ಇನ್ನೊಮ್ಮೆ ಓದಪಾ’ ಎಂದರು. ಮತ್ತೆ ಓದಿದ. ಅದೇ ನೂರಕ್ಕೆ ಒಂದು. ಮರುದಿನ ಅಳಿಯ ಆ ಪಾಲಿಸಿಯನ್ನು ಹಿಂದಿರುಗಿಸಿದ, ಪಾಲಿಸಿ ಕೈಸೇರಿ ಹದಿನೆಂಟು ದಿನವಾಗಿತ್ತು. ಈಗ ಇನ್ನೆರಡು ಕಂಪನಿಗಳ ಮಾಹಿತಿ ಪತ್ರ ತರಿಸಿಕೊಂಡಿದ್ದಾನೆ. ಬರುವ ಅಮಾವಾಸ್ಯೆಗೆ ಬರುತ್ತಾನಂತೆ. ಆ ಬಿಲ್ಲನ್ನು ಜೋಪಾನವಾಗಿ ತೆಗೆದಿಟ್ಟಿದ್ದೇನೆ.